ಶಹಾಬಾದ್ ಕಲ್ಲಿನಲ್ಲಿ ಅಶೋಕನನ್ನು ಕೆತ್ತಿದ್ದು: ನನ್ನ ಅನುಭವ

"ಶಹಾಬಾದ್ ಕಲ್ಲು ಅಡುಗೆಮನೆ ನೆಲಕ್ಕೆ ಸರಿ, ಮೂರ್ತಿಗಲ್ಲ" ಅಂತ ನಮ್ಮ ಕಸುಬಿನವರೆಲ್ಲ ನಕ್ಕಿದ್ದರು. ನಾನೂ 20 ವರ್ಷ ಕೃಷ್ಣಶಿಲೆ ಬಿಟ್ಟು ಬೇರೆ ಮುಟ್ಟಿದವನಲ್ಲ. ಆದರೆ ಕಲಬುರಗಿ ಜಿಲ್ಲೆಯ ಸನ್ನತಿ ಪಕ್ಕದ ಕನಗನಹಳ್ಳಿಯ ಬೌದ್ಧ ಸ್ತೂಪದ ಕೆತ್ತನೆಯ ಚಪ್ಪಡಿಗಳನ್ನು ನೋಡಿ ತಲೆ ಕೆಟ್ಟಿತು. ಅದೂ ಶಹಾಬಾದ್ ಕಲ್ಲಿನ ಹಾಗೆ ಸುಣ್ಣಕಲ್ಲೇ, ಭೀಮಾ ದಡದ್ದು. ಸುಮಾರು 2000 ವರ್ಷದ ಹಿಂದೆ ಅವರು ಕೆತ್ತಿದ್ದಾರೆ, ನಮಗೇನು ಧಾಡಿ?

ಆರಿಸಿಕೊಂಡಿದ್ದು ಅಲ್ಲಿನ ಅಶೋಕನ ಫಲಕ. ರಾಜ, ರಾಣಿ, ಛತ್ರಿ ಚಾಮರ ಹಿಡಿದ ಹೆಂಗಸರು.

ಮೊದಲ ಕಲ್ಲು ಮೂರನೇ ದಿನಕ್ಕೇ ಪದರ ಬಿಟ್ಟಿತು. ರಾಣಿಯ ಮುಖ ಹಪ್ಪಳದ ಹಾಗೆ ಎದ್ದು ಬಂತು. ತಪ್ಪು ನನ್ನದೇ. ಕೃಷ್ಣಶಿಲೆಯ ಚಾಳಿಯಲ್ಲಿ ತೋಳಿನ ಹಿಂದೆಲ್ಲ ಉಳಿ ತೂರಿಸಿದ್ದೆ. ಎರಡನೆಯದು ಟೆಂಪೋದಲ್ಲಿ ಬರುವಾಗಲೇ ಎರಡು ಹೋಳು. ಆಂಧ್ರದ ಅಮರಾವತಿ ಸ್ತೂಪದ ಶೈಲಿಯ ಸುಣ್ಣಕಲ್ಲಿನ ಫಲಕಗಳು ಆ ಕಾಲದಲ್ಲೇ ಹಡಗು ಹತ್ತಿ ಶ್ರೀಲಂಕಾ ಮುಟ್ಟಿದ್ದವು. ನಮ್ಮದು ಡಾಂಬರು ರಸ್ತೆಯಲ್ಲೇ ಮುರಿಯಿತು! ಮೂರನೆಯದನ್ನು ಕೆಲಸದ ಹುಡುಗ ಆಸಿಡ್ ಹಾಕಿ ತೊಳೆದ. ಬುಸ್ ಅಂತ ನೊರೆ ಬಂತು, ರಾಜನ ಮೂಗು ಸವೆದೇ ಹೋಯಿತು. ಅಲ್ಲಿಗೆ ಹತ್ತಿರ ಹತ್ತಿರ 30 ಸಾವಿರ ಮಣ್ಣುಪಾಲು. ಮನೆಯಲ್ಲಿ ಮಾತುಕತೆ ನಿಂತಿತ್ತು.

ನಾಲ್ಕನೇ ಕಲ್ಲಿಗೆ ಪದ್ಧತಿಯನ್ನೇ ಬದಲಿಸಿದೆ. ಗಣಿಯಿಂದ ಆಗಷ್ಟೇ ತೆಗೆದ, ಐದು ಇಂಚು ದಪ್ಪದ್ದನ್ನೇ ತಂದೆ. ಹಸಿ ಆರುವ ಮೊದಲು ಉಳಿಗೆ ಬೆಣ್ಣೆ ಹಾಗೆ ಬಗ್ಗುತ್ತದೆ. ರಾತ್ರಿ ಒದ್ದೆ ಗೋಣಿಚೀಲ ಹೊದಿಸಿದೆ. ಪದರ ಮುಖಕ್ಕೆ ಸಮನಾಗಿ ಬರುವಂತೆ ಇಟ್ಟು, ಒಂದೂವರೆ ಇಂಚಿಗಿಂತ ಆಳಕ್ಕೆ ಇಳಿಯಲಿಲ್ಲ. ಹಳಬರೂ ಉಬ್ಬನ್ನು ತೆಳುವಾಗಿಯೇ ಇಟ್ಟಿದ್ದರಲ್ವಾ, ಅದು ಕಲ್ಲಿನ ಗುಣ ನೋಡಿಯೇ ಅನ್ನಿಸಿತು. ದೀಪವನ್ನು ಎಡಗಡೆಯಿಂದ ಅಡ್ಡ ಬಿಟ್ಟರೆ ಅಷ್ಟು ಉಬ್ಬಿಗೇ ಜೀವ ಬರುತ್ತದೆ.

ನಡುವೆ ಸುಮ್ನೆ ಒಂದು ಚೂರಿನಲ್ಲಿ ಖಾಲಿ ಪೀಠ, ಬೋಧಿಮರ, ಎರಡು ಪಾದ ಕೆತ್ತಿದೆ. ಶುರುವಿನ ಶಿಲ್ಪಿಗಳು ಬುದ್ಧನನ್ನು ಹೀಗೆ ಗುರುತುಗಳಲ್ಲೇ ತೋರಿಸುತ್ತಿದ್ದರು. ಸುಲಭ ಅಂದುಕೊಂಡಿದ್ದೆ. ಮೂರ್ತಿಗಿಂತ ಜಾಸ್ತಿ ಕಷ್ಟ! ಕೂತವನಿಲ್ಲದೆ ಪೀಠಕ್ಕೆ ತೂಕ ತರಬೇಕು. ನನ್ನದು ಖಾಲಿ ಸ್ಟೂಲಿನ ಹಾಗೆ ಕಂಡಿತು.

ಕೊನೆಗೆ ಹಳೆಯ ಬ್ರಾಹ್ಮಿ ಲಿಪಿಯಲ್ಲಿ 'ರಾಯೋ ಅಸೋಕೋ', ಅಂದರೆ ರಾಜ ಅಶೋಕ. ಬರೀ 5 ಅಕ್ಷರ, ಎರಡು ದಿನ ಹಿಡಿಯಿತು. ಒಬ್ಬರು ತಮ್ಮ ಧ್ಯಾನದ ಕೋಣೆಗೆ ಅಂತ 65 ಸಾವಿರಕ್ಕೆ ಒಯ್ದರು. ಅಂದು ನಕ್ಕವರೇ ಈಗ ಫೋನ್ ಮಾಡಿ, ಹೊಳಪಿಗೆ ಕೊನೆಯಲ್ಲಿ ಏನು ಉಜ್ಜಿದೆ ಅಂತ ಕೇಳುತ್ತಾರೆ. ನೀರು ಅಂತೀನಿ.