ಬಿಪಿ ಗುಳಿಗೆ ನುಂಗುವ ಮುಂಚೆ ಸ್ಟ್ರಿಪ್ ತಿರುಗಿಸಿ ನೋಡಿ

ಸಿಂಧನೂರಿನಲ್ಲಿ ನನ್ನದೊಂದು ಮೆಡಿಕಲ್ ಶಾಪ್. ಬಿಪಿ ಗುಳಿಗೆ ಒಯ್ಯುವವರಿಗೆಲ್ಲ ಮೊದಲು ಹೇಳುವುದು ಇದನ್ನೇ: ಸ್ಟ್ರಿಪ್ ತಿರುಗಿಸಿ, ಹಿಂದಿನ ಸಣ್ಣ ಅಕ್ಷರ ಓದಿಸಿಕೊಳ್ಳಿ.

ಟೆಲ್ಮಿಸಾರ್ಟಾನ್, ಲೋಸಾರ್ಟಾನ್ ಅಂತ ಕೊನೆಗೆ ‘ಸಾರ್ಟಾನ್’ ಇದೆಯಾ? ಇಲ್ಲ ಎನಾಲಾಪ್ರಿಲ್, ರಾಮಿಪ್ರಿಲ್ ತರಹ ‘ಪ್ರಿಲ್’ ಇದೆಯಾ? ಹಾಗಾದರೆ ನಿಮ್ಮ ಗುಳಿಗೆಗೂ ಕಿಡ್ನಿಗೂ ನಂಟಿದೆ. ಒತ್ತಡ ಇಳಿದಿದೆ ಅನಿಸಿದರೆ ಕಿಡ್ನಿ ರೆನಿನ್ ಅನ್ನುವ ರಾಸಾಯನಿಕವನ್ನು ರಕ್ತಕ್ಕೆ ಬಿಡುತ್ತದೆ. ಅದರಿಂದ ಆಂಜಿಯೋಟೆನ್ಸಿನ್ 2 ಅನ್ನುವ ಇನ್ನೊಂದು ರಾಸಾಯನಿಕ ತಯಾರಾಗಿ ರಕ್ತನಾಳ ಬಿಗಿಯುತ್ತದೆ, ಮೈಯಲ್ಲಿ ಉಪ್ಪು, ನೀರು ನಿಲ್ಲುತ್ತದೆ, ಬಿಪಿ ಏರುತ್ತದೆ. ‘ಪ್ರಿಲ್’ ಅದು ತಯಾರಾಗುವುದನ್ನು ತಡೆಯುತ್ತದೆ. ‘ಸಾರ್ಟಾನ್’ ಅದು ಹೋಗಿ ಕೂರುವ ಜಾಗವನ್ನು ಮುಚ್ಚುತ್ತದೆ. ಬಸುರಿಯರಿಗೆ ಎರಡೂ ಬೇಡ. ‘ಪ್ರಿಲ್’ನಿಂದ ಒಣ ಕೆಮ್ಮು ಹತ್ತಿದರೆ ಸುಮ್ನೆ ಸಿರಪ್ ಕುಡಿಯಬೇಡಿ, ಡಾಕ್ಟರಿಗೆ ಹೇಳಿ.

ಜೊತೆಗೆ ಹೈಡ್ರೋಕ್ಲೋರೋಥಯಾಜೈಡ್ 12.5 ಅಂತ ಇದ್ದರೆ ಅದು ನೀರಿಳಿಸುವ ಔಷಧಿ. ಕಿಡ್ನಿ ಉಪ್ಪನ್ನು ವಾಪಸ್ ಎಳೆದುಕೊಳ್ಳಲು ಬಿಡುವುದಿಲ್ಲ. ಉಪ್ಪು ಹೋದ ಕಡೆ ನೀರೂ ಹೋಗುತ್ತದೆ. ಬೆಳಿಗ್ಗೆಯೇ ನುಂಗಿ, ಇಲ್ಲದಿದ್ದರೆ ರಾತ್ರಿಯೆಲ್ಲ ಮೂತ್ರಕ್ಕೆ ಏಳಬೇಕಾಗುತ್ತದೆ.

ನನಗೆ ನಿಜವಾಗಿ ಭಯ ಇರುವುದು ನೋವಿನ ಗುಳಿಗೆಯದ್ದು. ನಾಟಿ ಸಮಯದಲ್ಲಿ ದಿನವಿಡೀ ಬಗ್ಗಿ ಸೊಂಟ ಹಿಡಿದಿರುತ್ತದೆ. ಬಿಪಿ ಗುಳಿಗೆ ನುಂಗುವವರೇ ಬಂದು ಡೈಕ್ಲೋಫೆನಾಕ್ ಕೇಳುತ್ತಾರೆ. ಕಿಡ್ನಿಯ ಸೋಸುವ ಜಾಗಕ್ಕೆ ರಕ್ತ ತರುವ ನಾಳ ಒಂದು, ಒಯ್ಯುವ ನಾಳ ಇನ್ನೊಂದು. ಡೈಕ್ಲೋಫೆನಾಕ್ ತರಹದ ನೋವಿನ ಗುಳಿಗೆ, ರಕ್ತ ತರುವ ನಾಳವನ್ನು ಕಿರಿದು ಮಾಡುತ್ತದೆ. ‘ಪ್ರಿಲ್’, ‘ಸಾರ್ಟಾನ್’ ಗುಳಿಗೆ, ರಕ್ತ ಒಯ್ಯುವ ನಾಳವನ್ನು ಸಡಿಲಿಸುತ್ತದೆ. ಕಾಲುವೆಯ ಮೇಲಿನ ತೂಬು ಮುಚ್ಚಿ ಕೆಳಗಿನದನ್ನು ತೆರೆದರೆ ನಡುವೆ ನೀರು ನಿಲ್ಲುತ್ತದಾ? ಸೋಸಲು ಬೇಕಾದ ಒತ್ತಡವೇ ಇರುವುದಿಲ್ಲ. ಮೇಲೆ ನಮ್ಮ ಮೇ ತಿಂಗಳ ಬಿಸಿಲು, ಬೆವರು, ನೀರಿಳಿಸುವ ಔಷಧಿ ಸೇರಿದರೆ ಕಿಡ್ನಿ ಕೆಲಸ ನಿಲ್ಲಿಸಿಬಿಡಬಹುದು. ಡಾಕ್ಟರನ್ನು ಕೇಳದೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಬೇಡವೇ ಬೇಡ. ಸಾಮಾನ್ಯ ನೋವಿಗೆ ಪ್ಯಾರಾಸಿಟಮಾಲ್ ಬಗ್ಗೆ ಕೇಳಿ.

ವಾಂತಿ-ಭೇದಿ ಹತ್ತಿದರೆ ಗುಳಿಗೆ ಮುಂದುವರಿಸಬೇಕೋ, ಒಂದೆರಡು ದಿನ ನಿಲ್ಲಿಸಬೇಕೋ ಅಂತ ಆಗಲೇ ಫೋನ್ ಮಾಡಿ ಕೇಳಿ. ಮೂತ್ರ ಕಡಿಮೆಯಾದರೆ, ಎದ್ದಾಗ ತಲೆ ತಿರುಗಿದರೆ ಕಾಯಬೇಡಿ. ಆದರೆ ಬಿಪಿ ನಾರ್ಮಲ್ ಬಂತು ಅಂತ ನೀವೇ ಬಿಟ್ಟುಬಿಡಬೇಡಿ. ನಾರ್ಮಲ್ ಬಂದಿರುವುದೇ ಗುಳಿಗೆಯಿಂದ ಅಲ್ವಾ?

ಹೊಸದಾಗಿ ಶುರು ಮಾಡುವ ಮುಂಚೆ, ಆಮೇಲೆ ಒಂದೆರಡು ವಾರಕ್ಕೆ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕುವ, ರಕ್ತದಲ್ಲಿನ ಕಸ), ಪೊಟ್ಯಾಸಿಯಂ ಪರೀಕ್ಷೆ ಮಾಡಿಸಿ. ಕ್ರಿಯಾಟಿನಿನ್ ಸ್ವಲ್ಪ ಏರಿದರೆ ಗಾಬರಿ ಬೇಡ, ರಿಪೋರ್ಟ್ ಡಾಕ್ಟರಿಗೆ ತೋರಿಸಿ. ಬಿಪಿಗೆ ಒಳ್ಳೆಯದು ಅಂತ ಮಾರುವ ಕಡಿಮೆ ಸೋಡಿಯಂ ಉಪ್ಪಿನಲ್ಲಿ ಪೊಟ್ಯಾಸಿಯಂ ಜಾಸ್ತಿ ಇರುತ್ತದೆ. ‘ಪ್ರಿಲ್’, ‘ಸಾರ್ಟಾನ್’ ಗುಳಿಗೆಗಳೂ ರಕ್ತದಲ್ಲಿ ಪೊಟ್ಯಾಸಿಯಂ ಏರಿಸುತ್ತವೆ, ಹಾಗಾಗಿ ಕೇಳದೆ ಆ ಉಪ್ಪು ಬಳಸಬೇಡಿ. ಮಾಮೂಲಿ ಉಪ್ಪನ್ನೇ ಕಡಿಮೆ ಮಾಡಿ, ಉಪ್ಪಿನಕಾಯಿಯಿಂದ ಶುರು ಮಾಡಿದರೆ ಸುಲಭ.