ರಸ್ತೆ ಅಗೆಯುವ ಅರ್ಜಿ ಯಾವ ಮೇಜಿನ ಮೇಲಿತ್ತು?

2021ರ ಜುಲೈನಲ್ಲಿ ನಮ್ಮ ಬಡಾವಣೆಯ ಮಕ್ಕಳು ಆನ್‌ಲೈನ್ ತರಗತಿಗಾಗಿ ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಕೂರುತ್ತಿದ್ದರು. ಸಿಗ್ನಲ್ ಸಿಗುತ್ತಿದ್ದುದು ಅಲ್ಲಿ ಮಾತ್ರ. ಆಗಿನ ಬೆಂಗಳೂರು ಪಾಲಿಕೆಯ ಗಡಿ ನಮಗಿಂತ ಎರಡು ಕಿಲೋಮೀಟರ್ ಹಿಂದೆಯೇ ಮುಗಿಯುತ್ತಿತ್ತು. ನಾವು ಗ್ರಾಮ ಪಂಚಾಯಿತಿಗೆ ಸೇರಿದವರು. ಹಳ್ಳಿಗಳಿಗೆ ಇಂಟರ್ನೆಟ್ ತಲುಪಿಸುವ ಕೇಂದ್ರದ ಯೋಜನೆಯಾದ ಭಾರತ್‌ನೆಟ್‌ನ ಕೇಬಲ್ ಪಂಚಾಯಿತಿ ಕಟ್ಟಡಕ್ಕೆ ಬಂದಿತ್ತು. "ಮನೆಗಳಿಗೆ ಎಳೆಯುವುದು ನಮ್ಮ ಕೈಯಲ್ಲಿಲ್ಲ ಮೇಡಂ" ಎಂದರು ಪಿಡಿಒ. ಅವರು ಹೇಳಿದ್ದು ನಿಜವೇ.

ಎಂಬತ್ತು ಮನೆಗಳವರ ಸಹಿ ಹಾಕಿಸಿ, "ಇಂಟರ್ನೆಟ್ ಕೊಡಿಸಿ" ಎಂದು ಶಾಸಕರಿಗೆ ಮನವಿ ಕೊಟ್ಟೆವು. ಏನೂ ಆಗಲಿಲ್ಲ. ಆ ಮನವಿಯಲ್ಲಿ ಯಾರು ಏನು ಮಾಡಬೇಕು ಎಂಬುದೇ ಇರಲಿಲ್ಲ ಎಂದು ಈಗ ಅನ್ನಿಸುತ್ತದೆ.

ದಾರಿ ತೋರಿಸಿದವರು ಒಂದು ಇಂಟರ್ನೆಟ್ ಕಂಪನಿಯ ಎಂಜಿನಿಯರ್. ಮನೆಗಳಿಗೆ ಫೈಬರ್ ಕೇಬಲ್ ಎಳೆಯಲು ಅವರು ಸಿದ್ಧರಿದ್ದರು. ಮುಖ್ಯರಸ್ತೆ ಅಗೆಯುವ ಅನುಮತಿಗಾಗಿ ಐದು ತಿಂಗಳಿಂದ ಕಾಯುತ್ತಿದ್ದರು. ಆಗ ಜಾರಿಯಲ್ಲಿದ್ದ 2016ರ ಕೇಂದ್ರ ನಿಯಮದ ಪ್ರಕಾರ ಇಂಥ ಅರ್ಜಿಯನ್ನು 60 ದಿನಗಳೊಳಗೆ ತೀರ್ಮಾನಿಸಬೇಕಿತ್ತು, ಇಲ್ಲವಾದರೆ ಅನುಮತಿ ಸಿಕ್ಕಂತೆಯೇ ಆಗುತ್ತಿತ್ತು. "ನಿಯಮ ನಮಗೂ ಗೊತ್ತು. ಕೈಯಲ್ಲಿ ಕಾಗದವಿಲ್ಲದೆ ಅಗೆದರೆ ಯಂತ್ರ ಹಿಡಿದಿಡುತ್ತಾರೆ" ಎಂದರು ಅವರು.

ಅಂದು ಸಂಜೆಯೇ ಅನುಮತಿ ಕೊಡಬೇಕಾದ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಬರೆಯಲು ಕುಳಿತೆ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಮಕ್ಕಳ ಕಷ್ಟವನ್ನೆಲ್ಲ ಮೊದಲು ಬರೆದಿದ್ದೆ, ಮನಸ್ಸಿಲ್ಲದೆಯೇ ಹೊಡೆದುಹಾಕಿದೆ. ಉಳಿದದ್ದು ಮೂರೇ ಪ್ರಶ್ನೆ: ಕಂಪನಿಯ ಅರ್ಜಿ ಯಾವ ದಿನ ಬಂತು, ಇಂದು ಯಾವ ಅಧಿಕಾರಿಯ ಬಳಿ ಇದೆ, ಕಡತದ ಟಿಪ್ಪಣಿಯಲ್ಲಿ ಏನಿದೆ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಕಳುಹಿಸಿದೆ. ಉತ್ತರಕ್ಕೆ ಕಾನೂನು ಕೊಡುವ ಗಡುವು 30 ದಿನ. ಇಪ್ಪತ್ತೇಳನೆಯ ದಿನ ಬಂತು. ಅಗೆದ ರಸ್ತೆಯನ್ನು ಸರಿಪಡಿಸಲು ತಗಲುವ ವೆಚ್ಚದ ಅಂದಾಜು ತಯಾರಾಗಿಲ್ಲ, ಅದಕ್ಕೇ ಕಡತ ನಿಂತಿದೆ ಎಂದಿತ್ತು. ಅರ್ಧ ದಿನದ ಅಳತೆಯ ಕೆಲಸಕ್ಕೆ ಇಷ್ಟು ತಿಂಗಳು! ಕಟ್ಟೆಯ ಮೇಲಿನ ಮಕ್ಕಳು ನೆನಪಾಗಿ ಅಂದು ನನಗೆ ನಿಜಕ್ಕೂ ಸಿಟ್ಟು ಬಂತು.

ಆ ಉತ್ತರದ ಪ್ರತಿಯನ್ನು ಗ್ರಾಮಸಭೆಯಲ್ಲಿ ಓದಿದೆ. ಅಂದಾಜು ಬೇಗ ಮುಗಿಸಬೇಕೆಂಬ ನಿರ್ಣಯ ನಡಾವಳಿಯಲ್ಲಿ ದಾಖಲಾಯಿತು. ಅದರ ನಕಲು ಹಿಡಿದು ನಾಲ್ವರು ಆ ಕಚೇರಿಗೆ ಹೋದೆವು. ಜಗಳವಾಡಲಿಲ್ಲ, "ಯಾವ ದಿನ ಬರುತ್ತೀರಿ ಸಾರ್, ನಾವು ಟೇಪು ಹಿಡಿಯುತ್ತೇವೆ" ಎಂದೆವು. ಕಿರಿಯ ಎಂಜಿನಿಯರ್ ಮುಂದಿನ ಮಂಗಳವಾರವೇ ಬಂದರು. ಅನುಮತಿ ಪತ್ರಕ್ಕೆ ಮತ್ತೆ ಎರಡು ತಿಂಗಳು ಹಿಡಿಯಿತು. 2022ರ ಫೆಬ್ರವರಿಯಲ್ಲಿ ಮೊದಲ ಮನೆಗೆ ಸಂಪರ್ಕ ಬಂತು.

ಕೆರೆಯ ಹಿಂದಿನ ಹಳೆಯ ಊರಿನ ಮನೆಗಳಿಗೆ ಮಾತ್ರ ಇನ್ನೂ ಫೈಬರ್ ಇಲ್ಲ. ಗಿರಾಕಿಗಳು ಕಡಿಮೆ ಎಂಬುದು ಕಂಪನಿಯ ಮಾತು. ಯಾವ ಮನೆಯವರು ಸಂಪರ್ಕ ಪಡೆಯಲು ಸಿದ್ಧರಿದ್ದಾರೆ ಎಂದು ಮನೆಮನೆಗೆ ಹೋಗಿ ಬರೆದುಕೊಳ್ಳುತ್ತಿದ್ದೇನೆ. ನಿನ್ನೆಯವರೆಗೆ ಮೂವತ್ತೊಂದು ಹೆಸರು ಸೇರಿವೆ.