ಕುಂಡದಲ್ಲಿ ತಾನಾಗಿ ಎದ್ದ ಸಸಿ ಯಾವುದು? ಕೀಳುವ ಮೊದಲು ಹೀಗೆ ನೋಡಿ

ನಾಲ್ಕು ಮಳೆ ಬಿದ್ದರೆ ಸಾಕು, ತಾರಸಿಯ ಕುಂಡಗಳಲ್ಲಿ ನಾವು ಬಿತ್ತದ ಸಸಿಗಳೆಲ್ಲ ಏಳುತ್ತವೆ. ಆಗ ಹೆಚ್ಚಿನವರು ಮಾಡುವುದು ಎರಡೇ ಕೆಲಸ. ಒಂದೋ ಎಲ್ಲ ಕಳೆ ಎಂದು ಕಿತ್ತು ಎಸೆಯುತ್ತಾರೆ. ಇಲ್ಲವೇ ಫೋಟೊ ತೆಗೆದು, ಮೊಬೈಲ್ ಆ್ಯಪ್ ಹೇಳಿದ ಹೆಸರನ್ನೇ ನಂಬಿ ನೀರು ಹಾಕುತ್ತಾ ಹೋಗುತ್ತಾರೆ. ನಮ್ಮ ಪಕ್ಕದ ಬೀದಿಯ ಮನೆಯೊಂದರಲ್ಲಿ ಚೆಂಡು ಹೂವೆಂದುಕೊಂಡು ಪಾರ್ಥೇನಿಯಂ ಎಂಬ ಕಳೆ ಗಿಡಕ್ಕೆ ಗೊಬ್ಬರ ಹಾಕಿ, ಆಸರೆಗೆ ಕೋಲು ಕಟ್ಟಿ ಬೆಳೆಸಿದ್ದರು. ಚಿಕ್ಕ ಬಿಳಿ ಹೂ ಬಿಟ್ಟ ಮೇಲೆಯೇ ವಿಷಯ ಗೊತ್ತಾಗಿದ್ದು. ಅಷ್ಟರಲ್ಲಿ ಆ ಮನೆಯವರ ಕೈಯೆಲ್ಲ ತುರಿಕೆ.

ಮೊದಲ ಹೆಜ್ಜೆ: ಮಣ್ಣು ಎಲ್ಲಿಂದ ಬಂತು ಎಂದು ನೆನಪು ಮಾಡಿಕೊಳ್ಳಿ. ಅಡುಗೆಮನೆ ಕಸದ ಕಾಂಪೋಸ್ಟ್ ಆದರೆ ಟೊಮೆಟೊ, ಮೆಣಸಿನಕಾಯಿ, ಕುಂಬಳ, ಪರಂಗಿ ಇರಬಹುದು. ಮನೆಯ ಚಿಕ್ಕ ಡಬ್ಬದಲ್ಲಿ ಕಾಂಪೋಸ್ಟ್ ಅಷ್ಟು ಬಿಸಿಯಾಗುವುದಿಲ್ಲ, ಹಾಗಾಗಿ ಬೀಜ ಸಾಯುವುದಿಲ್ಲ. ಹೊರಗಿನ ಕೆಂಪು ಮಣ್ಣಾದರೆ ಪಾರ್ಥೇನಿಯಂ, ಕೊನ್ನಾರಿ. ಹಕ್ಕಿ ಕೂರುವ ಜಾಗವಾದರೆ ಅರಳಿ, ಅತ್ತಿ, ಗಣಿಕೆ.

ಎರಡನೆಯದು: ಕಾಯಿರಿ. ಮೊದಲು ಬರುವ ಜೋಡಿ ಎಲೆ ಬೀಜದೊಳಗೇ ಇದ್ದದ್ದು, ಅದು ಎಷ್ಟೋ ಗಿಡಗಳಲ್ಲಿ ಒಂದೇ ಥರ ಇರುತ್ತದೆ. ಆ್ಯಪ್‌ಗಳು ಎಡವುವುದೂ ಇಲ್ಲೇ. ಅದರ ಮೇಲೆ ಬರುವ ಮೂರನೇ, ನಾಲ್ಕನೇ ಎಲೆಯೇ ಆ ಗಿಡದ ನಿಜವಾದ ಎಲೆ. ಅದು ಪೂರ್ತಿ ಬಿಚ್ಚಿಕೊಳ್ಳುವವರೆಗೆ ಯಾವ ತೀರ್ಮಾನವೂ ಬೇಡ. ಹುಲ್ಲಿನಂಥ ಒಂಟಿ ಎಲೆ ಬಂದರೆ ಮಾತ್ರ ಬುಡವನ್ನು ಬೆರಳಲ್ಲಿ ಹೊರಳಿಸಿ ನೋಡಿ. ಮೂರು ಅಂಚು ಕೈಗೆ ಸಿಕ್ಕರೆ ಅದು ಕೊನ್ನಾರಿ. ಎಳೆದರೆ ಮೇಲಿನದಷ್ಟೇ ಬರುತ್ತದೆ, ಗಡ್ಡೆ ಒಳಗೇ ಉಳಿದು ಮತ್ತೆ ಚಿಗುರುತ್ತದೆ. ಅಗೆದೇ ತೆಗೆಯಬೇಕು.

ಇನ್ನು ಮೂರನೇ ಹೆಜ್ಜೆ, ಎಲ್ಲರೂ ತಪ್ಪುವ ಜಾಗ. ಇಲ್ಲಿ ಎಲೆಯ ಆಕಾರ ಒಂದನ್ನೇ ನೋಡಬೇಡಿ. ಕಾಂಡ, ಎಲೆಯ ಅಂಚು, ವಾಸನೆ, ಮುರಿದಾಗ ಬರುವ ರಸ ಎಲ್ಲವನ್ನೂ ನೋಡಿ. ಬೆಳಗಿನ ಬಿಸಿಲಿಗೆ ಸಸಿಯನ್ನು ಅಡ್ಡ ಹಿಡಿದರೆ ಟೊಮೆಟೊ ಕಾಂಡದ ಮೇಲೆ ಬಿಳಿ ನವಿರು ಕೂದಲು ಮಿಂಚುತ್ತದೆ. ಎಲೆಯ ಅಂಚು ಸೀಳಿರುತ್ತದೆ, ಉಜ್ಜಿದರೆ ಬೆರಳಿಗೆ ಆ ಘಾಟು ಹತ್ತುತ್ತದೆ. ಮೆಣಸಿನ ಸಸಿಯ ಕಾಂಡ ನುಣುಪು, ಎಲೆ ಸೀಳಿಲ್ಲದೆ ಹೊಳೆಯುತ್ತದೆ. ಬದನೆಯ ಎಲೆ ಅಗಲ, ಮುಟ್ಟಿದರೆ ಮೆತ್ತಗೆ. ಮೆಣಸಿನ ಜೊತೆ ಜಾಸ್ತಿ ಗೊಂದಲ ಮಾಡುವುದು ಗಣಿಕೆ. ಅದರ ಎಲೆ ಬುಡದಲ್ಲಿ ಅಗಲ, ಅಂಚು ಸ್ವಲ್ಪ ಅಲೆಅಲೆ, ಹೊಳಪು ಕಡಿಮೆ. ಮುಂದೆ ಗೊಂಚಲಲ್ಲಿ ಪುಟ್ಟ ಹಣ್ಣು ಬಿಡುತ್ತದೆ. ಇದೇ ಕುಟುಂಬದ ಉಮ್ಮತ್ತಿ ಎದ್ದಿದ್ದರೆ ಎಲೆ ದೊಡ್ಡದು, ಉಜ್ಜಿದರೆ ಕೆಟ್ಟ ವಾಸನೆ. ಅದರ ಎಲ್ಲ ಭಾಗವೂ ವಿಷ. ಮನೆಯಲ್ಲಿ ಮಕ್ಕಳಿದ್ದರೆ ಅದನ್ನು ಇಟ್ಟುಕೊಳ್ಳಲೇಬೇಡಿ. ಯಾವ ಸಸಿಯನ್ನೂ ನಾಲಿಗೆಗೆ ಇಟ್ಟು ಪರೀಕ್ಷೆ ಮಾಡಬೇಡಿ, ಮೂಸಿ ನೋಡುವುದಷ್ಟೇ ಸಾಕು.

ಪರಂಗಿ ಮತ್ತು ಹರಳು ಇನ್ನೊಂದು ಜೋಡಿ. ಎರಡರದ್ದೂ ಬೆರಳು ಬಿಟ್ಟ ಎಲೆ. ಒಂದು ಎಲೆ ಚಿವುಟಿ. ಹಾಲು ಬಂದರೆ ಪರಂಗಿ, ನೀರಿನಂಥ ರಸ ಬಂದರೆ ಹರಳು. ಹರಳು ಬೀಜವೂ ವಿಷವೇ. ನೆಲಕ್ಕೆ ಹರಡುವ ಗೋಣಿ ಸೊಪ್ಪಿಗೂ ಇದೇ ಪರೀಕ್ಷೆ, ಆದರೆ ಉತ್ತರ ಉಲ್ಟಾ. ಅದರಂತೆ ಕಾಣುವ ಕಳೆಯೊಂದಿದೆ, ಮುರಿದರೆ ಹಾಲು ಸುರಿಯುತ್ತದೆ. ಗೋಣಿ ಸೊಪ್ಪಿನಲ್ಲಿ ಹಾಲಿಲ್ಲ. ಹಾಲು ಬಂದರೆ ಸಾರಿಗೆ ಹಾಕಬೇಡಿ.

ಪಾರ್ಥೇನಿಯಂ ಮತ್ತು ಚೆಂಡು ಹೂ ಬೇರೆ ಮಾಡುವುದು ನಿಜಕ್ಕೂ ಸುಲಭ. ಚೆಂಡು ಹೂವಿನ ಎಲೆ ಎದುರುಬದುರು ಜೋಡಿಯಾಗಿ ಬರುತ್ತದೆ, ಕಾಂಡ ಬೇಗ ಮೇಲೇಳುತ್ತದೆ, ಉಜ್ಜಿದರೆ ಅದೇ ಹೂವಿನ ವಾಸನೆ. ಪಾರ್ಥೇನಿಯಂ ಮಾತ್ರ ಮೊದಲು ಮಣ್ಣಿಗೆ ಅಂಟಿಕೊಂಡು ಸುತ್ತಲೂ ಎಲೆ ಹರಡುತ್ತದೆ, ಎಲೆ ಮಂಕು ಹಸಿರು, ಸಣ್ಣ ಕೂದಲು ಇರುತ್ತದೆ. ನಮ್ಮಲ್ಲಿ ಕಾಂಗ್ರೆಸ್ ಗಿಡ ಎಂದು ಕರೆಯುವ ಇದನ್ನು ಭಾರತದಲ್ಲಿ 1955ರಲ್ಲಿ ಪುಣೆಯಲ್ಲಿ ಗುರುತಿಸಿದರು. ಇದನ್ನು ತಿನ್ನಲೆಂದು ಮೆಕ್ಸಿಕೊದಿಂದ ಜೀರುಂಡೆ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟಿದ್ದರು. ಮಾಸಲು ಮೈ ಮೇಲೆ ಕಂದು ಗೀರುಗಳಿರುವ ಆ ಹುಳ ನಿಮ್ಮ ಕುಂಡದ ಗಿಡದ ಮೇಲೆ ಕೂತು ಎಲೆ ಮೇಯುತ್ತಿದ್ದರೆ ಅನುಮಾನವೇ ಬೇಡ. ಕೈಗವಸು ಹಾಕಿಕೊಂಡು, ಹೂ ಬಿಡುವ ಮೊದಲೇ ಬೇರುಸಹಿತ ತೆಗೆಯಿರಿ.

ಇಷ್ಟಾದರೂ ಗೊತ್ತಾಗಲಿಲ್ಲವೇ? ಅನುಮಾನ ಯಾವುದೋ ಅದರ ಬೀಜವನ್ನೇ ಇನ್ನೊಂದು ಕುಂಡಕ್ಕೆ ಹಾಕಿ, ಪಕ್ಕಪಕ್ಕ ಇಟ್ಟು ಹೋಲಿಸಿ. ಇದಕ್ಕಿಂತ ಖಚಿತ ದಾರಿ ಇಲ್ಲ. ಹೆಸರಿಲ್ಲದ ‘ಮಿಶ್ರ ಬೀಜ’ದ ಪ್ಯಾಕೆಟ್ ತಂದು ಸುರಿಯಬೇಡಿ, ಆಮೇಲೆ ಯಾವುದು ಬಿತ್ತಿದ್ದು, ಯಾವುದು ಕಳೆ ಎಂದು ದೇವರಿಗೂ ತಿಳಿಯುವುದಿಲ್ಲ. ಕಳೆನಾಶಕ ಸ್ಪ್ರೇ ಅಂತೂ ಕುಂಡಕ್ಕೆ ಬೇಡವೇ ಬೇಡ.

ಗುರುತು ಸಿಕ್ಕ ಮೇಲೆ ಬೇರೆ ಕುಂಡಕ್ಕೆ ಹಾಕಿ, ಸಂಜೆ ಹೊತ್ತು, ಬುಡದ ಮಣ್ಣು ಸಮೇತ. ಹೃದಯದಂಥ ಎಲೆಗೆ ತುದಿಯಲ್ಲಿ ಉದ್ದ ಬಾಲವಿದ್ದರೆ ಅರಳಿ. ಅದನ್ನು ಕೀಳಲು ಅನೇಕರಿಗೆ ಮನಸ್ಸು ಬರುವುದಿಲ್ಲ. ಹಾಗಾದರೆ ಚಿಕ್ಕದಿದ್ದಾಗಲೇ ಎತ್ತಿ ಬಯಲಲ್ಲಿ ನೆಡಿ, ಇಲ್ಲದಿದ್ದರೆ ಬೇರು ತಾರಸಿಯ ಬಿರುಕಿಗೆ ಇಳಿಯುತ್ತದೆ. ಹೈಬ್ರಿಡ್ ಟೊಮೆಟೊ ಬೀಜದಿಂದ ಎದ್ದ ಗಿಡ ತಾಯಿಯಂಥದ್ದೇ ಕಾಯಿ ಕೊಡುವ ಭರವಸೆ ಇಲ್ಲ. ಪರಂಗಿ ಗಂಡೋ ಹೆಣ್ಣೋ ಹೂ ಬಿಟ್ಟ ಮೇಲೆಯೇ ತಿಳಿಯುವುದು, ಅದಕ್ಕೇ ಒಂದಲ್ಲ, ಎರಡು ಮೂರು ಸಸಿ ಉಳಿಸಿಕೊಳ್ಳಿ.

ದಪ್ಪ ಮೊದಲೆಲೆಗಳ ಬಳ್ಳಿ ಎದ್ದರೆ ಹೂ ಬರುವವರೆಗೆ ಬಿಡಿ: ಸಂಜೆ ಅರಳುವ ಬಿಳಿ ಹೂವಾದರೆ ಸೋರೆ, ಬೆಳಗ್ಗೆ ಅರಳುವ ದೊಡ್ಡ ಹಳದಿ ಹೂವಾದರೆ ಸಿಹಿ ಕುಂಬಳ. ಕಾಯಿ ಬಿಟ್ಟರೆ ಮೊದಲು ಚೂರು ಕತ್ತರಿಸಿ ನಾಲಿಗೆ ತುದಿಗೆ ತಾಗಿಸಿ ಉಗುಳಿ. ಇದು ಕಾಯಿಗೆ ಮಾತ್ರ, ಸಸಿಗಲ್ಲ. ಕಹಿ ಇದ್ದರೆ ಆ ಬಳ್ಳಿಯ ಯಾವ ಕಾಯಿಯನ್ನೂ ಅಡುಗೆಗೆ ಬಳಸಬೇಡಿ, ಬೇಯಿಸಿದರೂ ಆ ಕಹಿಯ ವಿಷ ಹೋಗುವುದಿಲ್ಲ.